ಇರುವೆಗೆ ಕೇಳಿಸಿದ್ದು

ಜೇನಿನ ವಾಸನೆ, ಪಕ್ಕದ ಕೋಣೆಯ ಬಾಗಿಲು ಮುಚ್ಚಿದ್ದರೂ ಸಂದಿಯಿಂದ ಬರುತ್ತಿದೆ, ಅಮ್ಮ ಬೆಳಿಗ್ಗೆಯೇ ತಟ್ಟೆಗಳನ್ನೆಲ್ಲ ಅಲ್ಲಿ ಜೋಡಿಸಿಟ್ಟಿದ್ದಾಳೆ, ಖರ್ಜೂರ ತುಂಬಿದ ಮಕ್ರೂದ್, ಬಕ್ಲಾವಾ, ಅಕ್ರೋಟಿನ ಜೌಝಿಯಾ, ಕಿತ್ತಳೆ ರಸದ ಬಾಟಲಿಗಳು, ನಮ್ಮ ಪ್ರಬಂಧ ಮಂಡನೆ ಇನ್ನೂ ಅರ್ಧವೂ ಆಗಿಲ್ಲ, ಪಾಸೋ ಫೇಲೋ ದೇವರಿಗೇ ಗೊತ್ತು, ಕೂಸು ಹುಟ್ಟುವ ಮೊದಲೇ ಕುಲಾವಿ ಎಂದರೆ ಇದೇ, ಆದರೆ ಕಣಿವೆಯ ಮೇಲೆ ಸೇತುವೆ ಕಟ್ಟಿಕೊಂಡ ನಮ್ಮೂರು ಕಾನ್‌ಸ್ಟಂಟೀನ್‌ನಲ್ಲಿ ಮಂಡನೆ ಎಂದರೆ ಅರ್ಧ ಪರೀಕ್ಷೆ ಅರ್ಧ ಮದುವೆ, ತಟ್ಟೆಯಿಲ್ಲದೆ ಬಂದ ತಾಯಿಯನ್ನು ಜನ ವರ್ಷವಿಡೀ ಆಡಿಕೊಳ್ಳುತ್ತಾರೆ, ಹಿಂದಿನ ಸಾಲುಗಳಲ್ಲಿ ಮಖಮಲ್ಲಿನ ಉಡುಪು ತೊಟ್ಟ ಅತ್ತೆಯಂದಿರು, ಚಿಕ್ಕಮ್ಮಂದಿರು, ನಡುವೆ ಯಮೀನಾ ಅಜ್ಜಿ, ಮೊಣಕಾಲು ನೋವೆಂದು ಮೂರು ಮೆಟ್ಟಿಲು ಹತ್ತದವಳು ಇವತ್ತು ಸಭಾಂಗಣದ ಮೆಟ್ಟಿಲನ್ನೆಲ್ಲ ಹತ್ತಿ ಬಂದಿದ್ದಾಳೆ, ವಸೀಲಾ, ಪ್ರಯೋಗ ಶುರು ಮಾಡಮ್ಮ, ಎನ್ನುತ್ತಾರೆ ನಮ್ಮ ಮಾರ್ಗದರ್ಶಕರು ಉಸ್ತಾದ್ ಲಖ್ದರ್, ನನ್ನ ಬೆರಳು ಕಂಪ್ಯೂಟರಿನ ಕೀಲಿಯ ಮೇಲೆ, ಒತ್ತಿದೆ, ಮೇಲೆ ಬಾಲ್ಕನಿಯ ಕಂಬಿಯಿಂದ ಇರುವೆ ಹೊರಟಿತು. ಷೂ ಅಷ್ಟು ದೊಡ್ಡ ಇರುವೆ, ಹಳೆಯ ಪ್ರಿಂಟರುಗಳ ಮೋಟಾರು ಕಿತ್ತು ನಧೀರ್ ಮಾಡಿದ ಆರು ಕಾಲು, ನಾನು ಮಾಡಿದ ಒಂದು ಕಿವಿ, ಇಲ್ಲಿ ಪ್ರಬಂಧವನ್ನು ಇಬ್ಬಿಬ್ಬರು ಸೇರಿ ಬರೆಯುತ್ತೇವೆ, ಅವನು ಕಾಲು ನಾನು ಕಿವಿ, ಮುಳುಗಿದರೆ ಇಬ್ಬರೂ ಒಟ್ಟಿಗೆ. ಬಾಲ್ಕನಿಯಿಂದ ವೇದಿಕೆಯ ಕಂಬದವರೆಗೆ ಪರೀಕ್ಷಕರ ತಲೆಯ ಮೇಲೆ ಬಿಗಿದ ಉಕ್ಕಿನ ಹಗ್ಗ, ಅದರ ಮೇಲೆ ಇರುವೆ ನಡೆಯಬೇಕು, ನಡುದಾರಿಗೆ ಬಂದಾಗ ನಧೀರ್ ವೇದಿಕೆಯ ಮೇಲಿನ ತಿರುಪನ್ನು ತಿರುಗಿಸಬೇಕು, ಹಗ್ಗದ ಒಂದು ಎಳೆ ಬಿಗಿದು ಬಿಗಿದು ತುಂಡಾಗಬೇಕು, ಆ ಸದ್ದು ಕೇಳಿ ಇರುವೆ ನಿಲ್ಲಬೇಕು, ಬೆನ್ನ ಮೇಲಿನ ಪುಟ್ಟ ಕೈ ಎತ್ತಿ ಕೆಂಪು ಬಣ್ಣ ಹಚ್ಚಿ ಇಲ್ಲಿ ಎಳೆ ಹೋಗಿದೆ ಎನ್ನಬೇಕು, ಇಷ್ಟೇ, ಎರಡು ವರ್ಷ ಓದಿದ್ದು ಇಷ್ಟೇ, ತೂಗುಸೇತುವೆಯ ಹಗ್ಗಗಳ ಮೇಲೆ ಮನುಷ್ಯರು ಜೀವ ಕೈಯಲ್ಲಿ ಹಿಡಿದು ಹತ್ತುವ ಬದಲು ಇದು ಹತ್ತಲಿ ಎಂದು. ಇದು ಗೆದ್ದರೆ ಇಬ್ಬರಿಗೂ ಡಾಕ್ಟರೇಟಿನ ಸೀಟು, ಇರುವೆಯ ಕೆಲಸ ಮುಂದುವರಿಯುತ್ತದೆ, ಸೋತರೆ ಇರುವೆ ಅಲ್ಮೇರಾಕ್ಕೆ, ನಾನು ಯಾವುದಾದರೂ ಶಾಲೆಯಲ್ಲಿ ಗಣಿತಕ್ಕೆ. ನಡೆಯುತ್ತಿದೆ, ಆಹಾ ನಡೆಯುತ್ತಿದೆ, ಒಂದು ಕಾಲು, ಇನ್ನೊಂದು ಕಾಲು, ಮದಾಮ್ ಕರ್ಮಿಶ್ ಕನ್ನಡಕ ಮೇಲಕ್ಕೆ ತಳ್ಳಿ ನೋಡುತ್ತಿದ್ದಾರೆ, ಅನ್ನಾಬಾದಿಂದ ಬಂದ ಪರೀಕ್ಷಕರು, ಸೇತುವೆ ಕಟ್ಟಿ ಕಟ್ಟಿ ಕೂದಲು ಬೆಳ್ಳಗಾದವರು, ಯಾರನ್ನೂ ಸುಲಭಕ್ಕೆ ಬಿಡುವವರಲ್ಲ, ಅವರ ತುಟಿ ಕೂಡ ಸ್ವಲ್ಪ ಸಡಿಲಾಗಿದೆ, ನಧೀರ್ ತಿರುಪಿನ ಮೇಲೆ ಕೈಯಿಟ್ಟ, ಇನ್ನೂ ತಿರುಗಿಸಿಲ್ಲ, ಆಗ ಹಿಂದಿನಿಂದ ಯೂಯೂಯೂಯೂ, ಅಜ್ಜಿ, ನಾಲಿಗೆ ಆಡಿಸುತ್ತ ಗಂಟಲೆತ್ತಿ, ಮೊಮ್ಮಗಳ ಇರುವೆ ಹಗ್ಗದ ಮೇಲೆ ನಡೆಯುವುದನ್ನು ಕಂಡು ಮದುಮಗಳು ಮೆಟ್ಟಿಲಿಳಿದಂತೆ ಸಂಭ್ರಮಿಸಿ, ಅವಳ ಹಿಂದೆ ಅತ್ತೆಯಂದಿರೆಲ್ಲ, ಇರುವೆ ನಿಂತಿತು. ನಿಂತು, ಕೈ ಎತ್ತಿತು. ಎತ್ತಿದ ಕೈ, ತುದಿಯಲ್ಲಿ ಕೆಂಪು ಹನಿ, ಆ ಹನಿ ತುಂಬಿ, ತೂಗಿ, ಮದಾಮ್ ಕರ್ಮಿಶರ ಮುಂದಿದ್ದ ನಮ್ಮ ಪ್ರಬಂಧದ ಮೇಲೆ ಬಿತ್ತು.

ಎಲ್ಲರೂ ನಕ್ಕರು, ನಗಲಿ, ಮೊದಲ ಸಲ ನಾನೂ ನಕ್ಕೆ, ಇರುವೆಯನ್ನು ವಾಪಸ್ಸು ಕರೆಸಿ ಮತ್ತೆ ಬಿಟ್ಟೆ, ಈ ಸಲ ಅದಕ್ಕೆ ಧೈರ್ಯ ತುಂಬಬೇಕೆಂದು ಚಿಕ್ಕಮ್ಮನ ಯೂಯೂ, ಮತ್ತೆ ನಿಂತಿತು, ಮತ್ತೆ ಕೈ, ಮತ್ತೆ ಹನಿ, ಈ ಸಲ ಯಾರೂ ನಗಲಿಲ್ಲ. ಮದಾಮ್ ಕರವಸ್ತ್ರದಿಂದ ಪುಟ ಒರೆಸುತ್ತಿದ್ದಾರೆ, ಒರೆಸಿದಷ್ಟೂ ಕೆಂಪು ಹರಡುತ್ತಿದೆ, ಏನಮ್ಮಾ, ನಿಮ್ಮ ಇರುವೆ ಇನ್‌ಸ್ಪೆಕ್ಟರೋ ಇಲ್ಲ ಬೀಗರೋ, ಹೆಂಗಸ್ರು ಕೂಗಿದ ತಕ್ಷಣ ನಿಂತ್ಕೊಂಡು ಮರ್ಯಾದೆ ಸ್ವೀಕಾರ ಮಾಡ್ತಿದೆಯಲ್ಲ, ಎಂದರು, ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು, ಆಮೇಲೆ ಎದ್ದು, ನಾನೊಂದು ಕಾಫಿ ಕುಡಿದು ಬರ್ತೀನಿ, ಬರೋ ಅಷ್ಟರಲ್ಲಿ ಸರಿ ಮಾಡ್ಕೊಳ್ಳಿ, ಆಗ್ಲಿಲ್ಲ ಅಂದ್ರೆ ಬರೆದಿರೋದಕ್ಕಷ್ಟೇ ಅಂಕ, ಇರುವೆಗಿಲ್ಲ. ಇರುವೆಗಿಲ್ಲ, ಹಾಗೆಂದರೆ ಸೀಟಿಲ್ಲ, ಎಷ್ಟು ಸಲೀಸಾಗಿ ಹೇಳಿ ಹೋದರು, ಕಾಫಿಗೆ ಸಕ್ಕರೆ ಬೇಡ ಎಂದಂತೆ. ಬಾಗಿಲು ಬಡಿದುಕೊಂಡಿತು, ಆ ಸದ್ದಿಗೆ ಇರುವೆ ನಿಲ್ಲುವುದಿಲ್ಲ, ಬಾಗಿಲು ಗೊತ್ತು ಅದಕ್ಕೆ, ಬಾಗಿಲು ನಾನು ಕಲಿಸಿದ್ದೇನೆ, ಲಾರಿ ಕಲಿಸಿದ್ದೇನೆ, ಹಾರ್ನು, ಗಾಳಿ, ಕಣಿವೆಯ ಕಾಗೆಗಳು, ಐದು ಹೊತ್ತಿನ ಅಜಾನ್, ಶಾಲೆ ಬಿಟ್ಟ ಮಕ್ಕಳ ಗದ್ದಲ, ಚಳಿಗಾಲವಿಡೀ ಸೇತುವೆಯ ಮೇಲೆ ಕೋಟಿನೊಳಗೆ ನಡುಗುತ್ತ ನಿಂತು ಒಂದೊಂದೇ ಸದ್ದು ಹಿಡಿದು ತಂದು, ಇದು ಎಳೆ ಅಲ್ಲ, ಇದೂ ಎಳೆ ಅಲ್ಲ, ಎಂದು ಮಗುವಿಗೆ ಅಕ್ಷರ ತಿದ್ದಿಸಿದಂತೆ ತಿದ್ದಿಸಿದ್ದೇನೆ, ಚಳಿಗಾಲವಿಡೀ, ಅಯ್ಯೋ, ಚಳಿಗಾಲ. ಚಳಿಗಾಲದಲ್ಲಿ ಯಾರು ಮದುವೆಯಾಗುತ್ತಾರೆ ಈ ಊರಿನಲ್ಲಿ. ನಮ್ಮ ಮದುವೆಗಳೆಲ್ಲ ಬೇಸಿಗೆಗೆ, ಕಾರುಗಳ ಸಾಲು, ಡೋಲು, ಸೇತುವೆಯ ನಡುವೆ ನಿಲ್ಲಿಸಿ ಮದುಮಗಳ ಫೋಟೋ, ಆಗ ಎದ್ದೇಳುವ ಯೂಯೂ ಕಣಿವೆಯ ಆಚೆ ದಂಡೆಗೂ ಕೇಳುತ್ತದೆ, ಬೇಸಿಗೆಗೆ ವಿಶ್ವವಿದ್ಯಾಲಯಕ್ಕೆ ಬೀಗ, ಹೀಗಾಗಿ ನನ್ನ ಇರುವೆ ಇಡೀ ಊರನ್ನು ಕಲಿತಿದೆ, ಊರಿನ ಸಂತೋಷವೊಂದನ್ನು ಬಿಟ್ಟು. ಇಪ್ಪತ್ತಮೂರು ವರ್ಷ ಈ ಊರಲ್ಲಿ ಉಂಡುಟ್ಟವಳಿಗೆ ಅದು ಹೊಳೆಯಲಿಲ್ಲವೆಂದರೆ ನನಗೇ ನಗು ಬರುತ್ತದೆ, ನಗು ಅಲ್ಲ, ನಾಚಿಕೆ.

ವೇದಿಕೆಯ ಮೂಲೆಯಲ್ಲಿ ಮೂವರು, ಉಸ್ತಾದ್ ಲಖ್ದರ್ ಹಣೆ ಒರೆಸಿಕೊಳ್ಳುತ್ತಿದ್ದಾರೆ, ಒಳ್ಳೆಯ ಮನುಷ್ಯ, ಹೆದರುಪುಕ್ಕಲ, ವಸೀಲಾ, ಕಿವಿ ಆಫ್ ಮಾಡ್ಬಿಡು ತಾಯಿ, ಬರೀ ನಡೀಲಿ, ಈ ತುದಿಯಿಂದ ಆ ತುದಿಗೆ ನಡೆದ್ರೆ ಸಾಕು, ಚಪ್ಪಾಳೆ ಬೀಳತ್ತೆ, ಎಳೆ ವಿಷಯ ನಾನು ಬಾಯಲ್ಲಿ ವಿವರಿಸ್ತೀನಿ. ಬರೀ ನಡೆಯಲಿ, ಬರೀ ನಡೆಯುವ ಇರುವೆ ಆಟದಂಗಡಿಯಲ್ಲೂ ಸಿಗುತ್ತದೆ ಉಸ್ತಾದ್, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಧೀರ್ ಹತ್ತಿರ ಬಂದು ದನಿ ತಗ್ಗಿಸಿದ, ಅವನ ಅಂಗಿ ಬೆನ್ನಿಗಂಟಿದೆ, ಆಫೂ ಬೇಡ, ನಾನು ತಿರುಪು ತಿರುಗಿಸ್ತೀನಿ, ಎಳೆ ತುಂಡಾಗತ್ತೆ, ನೀನು ಮೇಜಿನ ಕೆಳಗೆ ಕೀಲಿ ಒತ್ತು, ಕೈ ಎತ್ತತ್ತೆ, ಯಾರಿಗ್ ಗೊತ್ತಾಗತ್ತೆ, ಅಷ್ಟಕ್ಕೂ ನಮ್ಮ ಕಿವಿ ನಿಜವಾಗ್ಲೂ ಕೆಲಸ ಮಾಡತ್ತಲ್ವಾ, ಪ್ರಯೋಗಾಲಯದಲ್ಲಿ ಎಷ್ಟು ಸಲ ಮಾಡ್ಲಿಲ್ಲ, ನಾವು ಹೇಳ್ತಿರೋದು ಸುಳ್ಳಲ್ಲ ವಸೀಲಾ, ಇವತ್ತಿಗೊಂದು ಸ್ವಲ್ಪ ಸಹಾಯ ಅಷ್ಟೆ. ಅವನ ಕಣ್ಣು ನೋಡಲಾರೆ, ಅವನ ಅಣ್ಣ ಕೆಲಸವಿಲ್ಲದೆ ಕಾಫಿ ಅಂಗಡಿಯ ಗೋಡೆಗೆ ಒರಗಿಯೇ ಮೀಸೆ ನರೆಸಿಕೊಂಡ, ಆ ಗೋಡೆಗೆ ನಾನೂ ಒರಗಲಾರೆ ಎನ್ನುತ್ತಿರುತ್ತಾನೆ, ನನ್ನ ಹಟದಲ್ಲಿ ಅವನ ಸೀಟೂ ಇದೆ, ಅದು ನನಗೆ ಗೊತ್ತು, ಅತ್ತ ದರಿ ಇತ್ತ ಪುಲಿ. ಒಂದು ಕೀಲಿ, ಒತ್ತಿದರೆ ಕೈ ಎತ್ತುತ್ತದೆ, ಎಷ್ಟು ಸುಲಭ, ಎತ್ತಿದ ಕೈಯ ತುದಿಯಲ್ಲಿ ಕೆಂಪು ಹನಿ, ಅದೇ ಹನಿ, ನೋಡುವವರಿಗೆ ವ್ಯತ್ಯಾಸವೇ ಇಲ್ಲ, ಕೇಳಿಸಿಕೊಂಡು ಎತ್ತಿದ ಕೈಯೋ ಕೇಳಿಸದೆ ಎತ್ತಿದ ಕೈಯೋ. ಇಲ್ಲ, ವ್ಯತ್ಯಾಸ ನನಗೆ ಗೊತ್ತು, ನಾನಿನ್ನೂ ಪುಟ್ಟ ಹುಡುಗಿ, ಕಣಿವೆಯ ಕಾಲುಸೇತುವೆಯ ಮೇಲೆ ಅಪ್ಪನ ಕೈ ಹಿಡಿದು ಶಾಲೆಗೆ ಹೋಗುತ್ತಿದ್ದೇನೆ, ಮಂಜು, ಕೆಳಗೆ ಹೊಳೆ ಕಾಣುವುದಿಲ್ಲ, ಟಿಣ್ ಎಂದಿತು, ಸೂಜಿ ಬಿದ್ದಂತೆ, ಅಷ್ಟೇ ಸಣ್ಣ ಸದ್ದು, ಅಪ್ಪಾ ಏನೋ ಮುರೀತು, ಏನಿಲ್ಲ ನಡಿ ಪುಟ್ಟಿ, ಕಾಗೆ ಇರ್ಬೇಕು. ಅಪ್ಪನಿಗೆ ಕೇಳಿಸುವುದಾದರೂ ಹೇಗೆ, ತಾಮ್ರದ ತಟ್ಟೆಗಳನ್ನು ಬಡಿದು ಬಡಿದು ಅವನ ಕಿವಿ ಆಗಲೇ ಅರ್ಧ ಸತ್ತಿತ್ತು, ಈಗ ಪೂರ್ತಿ, ಅಗೋ ಅಲ್ಲಿ ಮೂರನೇ ಸಾಲಿನಲ್ಲಿ ಕೂತು ಎಲ್ಲದಕ್ಕೂ ನಗುತ್ತಿದ್ದಾನೆ, ಯೂಯೂ ಕೇಳಿಸದ ಒಬ್ಬನೇ ಒಬ್ಬ. ಅವತ್ತು ಸೇತುವೆಯ ಮೇಲೆ ಕೇಳಿಸಿದ್ದನ್ನು ಎಲ್ಲರಿಗೂ ಹೇಳಿದೆ, ಮಾಸ್ತರರಿಗೆ, ಬ್ರೆಡ್ಡಿನವನಿಗೆ, ಯಾರೂ ನಂಬಲಿಲ್ಲ, ಇವಳ ಕಿವಿಗೆ ಜಿನ್ ಭೂತ ಹೊಕ್ಕಿದೆ ಎಂದು ನಕ್ಕರು, ಆಮೇಲೊಂದು ದಿನ ಹಗ್ಗ ಅಡ್ಡ ಕಟ್ಟಿ ಸೇತುವೆ ಮುಚ್ಚಿದರು, ಎಳೆಗಳು ಬಿಚ್ಚಿ ಕೂದಲಿನಂತೆ ನೇತಾಡುತ್ತಿದ್ದವು, ಯಾರಿಗೂ ಏನೂ ಆಗಲಿಲ್ಲ, ಪುಣ್ಯ, ಆದರೆ ಆ ದಿನದಿಂದ ನನಗೆ ಬೇಕಾದದ್ದು ಒಂದೇ, ಕೇಳಿಸಿಕೊಳ್ಳುವಂಥದ್ದೊಂದು ಆ ಹಗ್ಗದ ಮೇಲೆ ಇರಬೇಕು, ಕೇಳಿಸಿಕೊಂಡು ನಿಲ್ಲಬೇಕು. ಕೇಳಿಸಿದಂತೆ ನಟಿಸುವುದಲ್ಲ. ಇಲ್ಲ ನಧೀರ್, ಎಂದೆ, ಕಿವಿ ಇರತ್ತೆ, ಮೇಜಿನ ಕೆಳಗೆ ಯಾರೂ ಏನೂ ಒತ್ತಲ್ಲ. ಹಾಗಾದ್ರೆ ಹೆಂಗಸ್ರನ್ನಾದ್ರೂ ಆಚೆ ಕಳ್ಸು, ಎಂದ ಅವನು, ಅಳುವ ಹಾಗಿದ್ದ. ಸೇತುವೆ ಮೇಲಿಂದ ಯಾರನ್ನ ಆಚೆ ಕಳಿಸ್ತೀಯಾ, ಎಂದೆ.

ಅಜ್ಜಿ ಬರುತ್ತಿದ್ದಾಳೆ, ಕುರ್ಚಿಯ ಬೆನ್ನುಗಳನ್ನು ಒಂದೊಂದಾಗಿ ಹಿಡಿಯುತ್ತ, ಅಮ್ಮ ತಡೆಯುತ್ತಿದ್ದಾಳೆ, ಅಜ್ಜಿ ಅಮ್ಮನ ಕೈ ಕೊಡವಿ ಬರುತ್ತಿದ್ದಾಳೆ, ಕಣ್ಣು ತುಂಬಿದೆ, ನನ್ ಬಾಯಿಗೆ ಮಣ್ ಹಾಕ, ನಾನೇನ್ ಮಾಡ್ಬಿಟ್ಟೆ ಕಂದಾ, ನಿನ್ ಮಗೂನ ಹೆದರಿಸ್ಬಿಟ್ನಾ. ಹೆದರಲಿಲ್ಲ ಅಜ್ಜಿ, ನಿನ್ ಗಂಟಲು ಉಕ್ಕಿನ ತಂತಿ ಥರಾ ಇದೆ, ಅದಕ್ಕೆ ಗುರುತು ಸಿಗ್ಲಿಲ್ಲ. ಆ ದುಃಖದಲ್ಲೂ ಅವಳ ಮುಖ ಅರಳಿತು, ಮತ್ತೆ, ಏನಂದ್ಕೊಂಡೆ, ನಿಮ್ಮಮ್ಮನ ಮದುವೇಲಿ ನಾನು ಕೂಗಿದ್ದಕ್ಕೆ ಕಣಿವೆ ಆಚೆ ಕತ್ತೆ ಹಗ್ಗ ಹರ್ಕೊಂಡ್ ಹೋಗಿತ್ತು, ಎಂದವಳು ಮತ್ತೆ ತಲೆವಸ್ತ್ರದ ತುದಿಯಲ್ಲಿ ಕಣ್ಣೊತ್ತಿ, ನಾನು ಆಚೆ ಕೂತ್ಕೋತೀನಿ, ತಟ್ಟೆ ಹತ್ರ, ಎಲ್ರುನೂ ಕರ್ಕೊಂಡ್ ಹೋಗ್ತೀನಿ, ನೀನು ಪಾಸಾದ್ ಮೇಲೆ ಕರಿ. ಹೋಗಿಬಿಡಲಿ, ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ, ಅನ್ನಿಸಿತು, ಅವಳೇ ಹೋಗುತ್ತೇನೆ ಎನ್ನುತ್ತಿದ್ದಾಳೆ, ಬಾಗಿಲು ಮುಚ್ಚಿದರೆ ಎಲ್ಲ ಸರಿಹೋಗುತ್ತದೆ, ಆದರೆ ಆ ಮೊಣಕಾಲು, ಆ ಮೆಟ್ಟಿಲು, ನಾನು ಓದುತ್ತೇನೆ ಎಂದಾಗ ನೆಂಟರೆಲ್ಲ ಹುಡುಗಿಗೆ ಯಂತ್ರದ ಓದು ಯಾಕೆ ಎಂದದ್ದು, ಅಜ್ಜಿ ಒಬ್ಬಳೇ, ಅವಳಪ್ಪ ತಾಮ್ರ ಬಡೀತಾನೆ, ಅವಳು ಉಕ್ಕು ಬಡೀಲಿ, ನಿಮಗೇನ್ರೀ ಉರಿ, ಎಂದು ಊಟದ ನಡುವೆ ಎಲ್ಲರ ಬಾಯಿ ಮುಚ್ಚಿಸಿದ್ದು, ಅಕ್ಷರ ಬಾರದವಳು ರೋಬೋಟ್ ಎನ್ನಲಾರದೆ ಬೋರೋತ್ ಬೋರೋತ್ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದದ್ದು, ಅವಳನ್ನು ತಟ್ಟೆಗಳ ಜೊತೆ ಕೂರಿಸಿ ನಾನು ಇಲ್ಲಿ ಪದವಿ ಪಡೆಯಲೇ. ಕೂತ್ಕೋ ಅಜ್ಜಿ, ಮುಂದಿನ ಸಾಲಲ್ಲೇ ಕೂತ್ಕೋ, ಬಾಯಿ ಮಾತ್ರ ಗಟ್ಟಿಯಾಗಿ ಮುಚ್ಕೋ. ಒಂದೇ ಕೈ ಸಾಕಾ, ಎಂದಳು. ಎರಡೂ ಇಟ್ಕೋ, ಎಂದೆ. ಅವಳು ಕೂತಳು, ಎರಡೂ ಅಂಗೈ ಬಾಯಿಯ ಮೇಲೆ, ಗೋರಂಟಿ ಬೆರಳುಗಳು, ಮೇಲೆ ಎರಡು ಕಣ್ಣು ಮಾತ್ರ, ಅತ್ತೆಯಂದಿರೂ ಹಾಗೇ ಮಾಡಿದರು, ಒಂದಿಡೀ ಸಾಲು ಬಾಯಿ ಮುಚ್ಚಿಕೊಂಡು ಕೂತಿದೆ.

ಮದಾಮ್ ಬಂದರು, ಕಾಫಿಯ ವಾಸನೆ ಅವರ ಜೊತೆ ಬಂತು, ಬಾಯಿ ಮುಚ್ಚಿದ ಸಾಲನ್ನು ನೋಡಿ ಹುಬ್ಬೇರಿಸಿದರು, ಏನ್ ಮಾಡಿದ್ರಿ, ಸರಿ ಹೋಯ್ತಾ. ಇಲ್ಲ ಮದಾಮ್, ಎಂದೆ, ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು, ಉಸ್ತಾದ್ ಲಖ್ದರ್ ಕಣ್ಣು ಮುಚ್ಚಿಕೊಂಡರು, ಸರಿ ಹೋಗಿಲ್ಲ, ಇದಕ್ಕೆ ಯೂಯೂ ಯಾವುದು ಎಳೆ ಯಾವುದು ಗೊತ್ತಾಗಲ್ಲ, ಎರಡೂ ಒಂದೇ ಎತ್ತರದ ಸದ್ದು, ನಾನು ಚಳಿಗಾಲದಲ್ಲಿ ಮಾತ್ರ ಸದ್ದು ಹಿಡಿದೆ, ಮದುವೆಗಳನ್ನ ಮರೆತೆ, ಅದನ್ನ ಕಲಿಸೋಕೆ ನನಗೊಂದು ಬೇಸಿಗೆ ಬೇಕು, ಇವತ್ತು ಅದಿಲ್ಲ. ಹಾಗಾದ್ರೆ ಬೇಸಿಗೇಲಿ ನಿನ್ನ ಇರುವೆ ಪ್ರತಿ ಮದುವೆಗೂ ನಿಲ್ಲತ್ತೆ, ಎಂದರು. ನಿಲ್ಲತ್ತೆ ಮದಾಮ್. ಸೇತುವೆ ಎಂಜಿನಿಯರು ಪ್ರತಿ ಸಲ ಹತ್ತಿ ನೋಡಿ ಇಳಿದು ಬೈಬೇಕು. ಬೈಲಿ ಮದಾಮ್, ಇದು ಸುಮ್ಮನೆ ನಿಂತ್ರೆ ಯಾರೋ ಒಬ್ಬರಿಗೆ ಹತ್ತಿ ಇಳಿಯೋ ಕಷ್ಟ, ಕಿವಿ ಮಂದ ಮಾಡಿದ್ರೆ ಒಂದು ದಿನ ನಿಜವಾದ ಎಳೆ ದಾಟಿ ಹೋಗತ್ತೆ, ಆಗ ಕಷ್ಟ ಯಾರಿಗೆ ಅಂತ ನಿಮಗೇ ಗೊತ್ತು, ನಾನು ಕಿವಿ ಮಂದ ಮಾಡಲ್ಲ. ಹೆಚ್ಚು ಮಾತಾಡಿದೆನೇ, ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಬಿಟ್ಟಾಯಿತು, ಇನ್ನು ಗೇಡೇ ಆಗಲಿ, ಮದಾಮ್ ಪ್ರಬಂಧದ ಕೆಂಪು ಪುಟದ ಮೇಲೆ ಬೆರಳಾಡಿಸುತ್ತಿದ್ದಾರೆ, ತಿರುಪು ಯಾರು ತಿರುಗಿಸ್ತಾರೆ, ಎಂದರು. ನಧೀರ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಅವನು ಮೂಗಿನಿಂದ ಉಸಿರೆಳೆದು ತಿರುಪಿನಿಂದ ಕೈ ತೆಗೆದ, ಎರಡು ಹೆಜ್ಜೆ ಹಿಂದೆ ಸರಿದ, ನೀವೇ ತಿರುಗಿಸಿ ಮದಾಮ್, ಎಂದ, ನಿಮಗಿಷ್ಟ ಬಂದಾಗ, ನಮಗೆ ಹೇಳೋದೂ ಬೇಡ. ಹತ್ತು ವರ್ಷ ಹೆಚ್ಚು ಬದುಕಲಿ ಇವನು, ಅಳುಮುಂಜಿ, ನನ್ನ ಜೋಡಿ, ಇವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಮದಾಮ್ ವೇದಿಕೆ ಹತ್ತಿದರು, ತಿರುಪಿನ ಪಕ್ಕದಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತರು, ಕೈ ಕಾಣುವುದಿಲ್ಲ, ಜಾಣೆ, ನಾನು ಕೀಲಿ ಒತ್ತಿ ಇರುವೆಯನ್ನು ಬಿಟ್ಟೆ, ಮೇಜಿನಿಂದ ದೂರ ಬಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ, ನೋಡಲಿ ಎಲ್ಲರೂ, ನನ್ನ ಕೈ ಇಲ್ಲಿದೆ. ನಡೆಯುತ್ತಿದೆ, ಮೋಟಾರಿನ ಗುಯ್‌ಗುಡುವಿಕೆ, ಕುರ್ಚಿಯೊಂದು ಕಿರುಗುಟ್ಟಿತು, ನಿಲ್ಲಲಿಲ್ಲ, ಯಾರೋ ಕೆಮ್ಮಿದರು, ನಿಲ್ಲಲಿಲ್ಲ, ಮೊದಲ ಸಲ ನಿಂತ ಜಾಗ ದಾಟಿತು, ಅಲ್ಲಿ ಹಳೆಯ ಕೆಂಪು ಮಚ್ಚೆಗಳು, ಅವನ್ನು ತುಳಿದು ಮುಂದೆ, ಒಂದು ಕಾಲು, ಇನ್ನೊಂದು ಕಾಲು, ಈ ಹಗ್ಗ ತೀರಾ ದಪ್ಪವಾಯಿತೇ, ಎಳೆ ತೀರಾ ತೆಳುವಾಯಿತೇ, ಸದ್ದು ಹಗ್ಗದೊಳಗೆ ಅಷ್ಟು ದೂರ ಹರಿದು ಬರಬೇಕು, ವೇದಿಕೆಯ ಹಲಗೆ ಊದ್ ವಾದ್ಯದ ಹೊಟ್ಟೆಯಂತೆ ಸಭೆಯ ಸದ್ದನ್ನೆಲ್ಲ ಕುಡಿದು ಹಗ್ಗಕ್ಕೆ ಉಗುಳುತ್ತಿರುವಾಗ ಅದೊಂದು ಸೂಜಿ ಸದ್ದು ಇರುವೆಗೆ ಸಿಕ್ಕೀತೇ, ಸಿಗುತ್ತದೆ, ಸಿಗಲೇಬೇಕು, ಸಿಗದಿದ್ದರೆ ಇನ್ನೊಂದು ಕಿವಿ ಮಾಡುತ್ತೇನೆ, ಗಣಿತದ ಮೇಡಮ್ಮಾಗಿ ಸಂಜೆ ಹೊತ್ತು ಅಡುಗೆಮನೆಯಲ್ಲಿ ಕೂತು ಮಾಡುತ್ತೇನೆ, ಅಲ್ಮೇರಾ ಮುರಿದು ಇರುವೆಯನ್ನು ಹೊರಗೆ ತರುತ್ತೇನೆ, ಯಾರು ತಡೆಯುತ್ತಾರೆ ನೋಡುತ್ತೇನೆ, ಬೇಸಿಗೆ ಪೂರ್ತಿ ಸೇತುವೆಯ ಮೇಲೆ ನಿಂತು ಊರಿನ ಮದುವೆಗಳನ್ನೆಲ್ಲ ಹಿಡಿದು ತರುತ್ತೇನೆ, ಮುಕ್ಕಾಲು ದಾರಿ, ಮದಾಮ್ ಇನ್ನೂ ತಿರುಗಿಸಿಲ್ಲವೇ, ತಿರುಗಿಸಿಯಾಯಿತೇ, ಎಳೆ ಹೋಗಿ ಇರುವೆ ದಾಟಿ ಬಂತೇ, ಅವರ ಬೆನ್ನು ಏನೂ ಹೇಳುವುದಿಲ್ಲ, ನನಗೆ ಏನೂ ಕೇಳಿಸಲಿಲ್ಲ, ನನ್ನ ಕಿವಿಯಲ್ಲಿ ನನ್ನದೇ ರಕ್ತದ ಸದ್ದು, ಇನ್ನೊಂದು ಕಾಲು, ಇನ್ನೊಂದು, ನಿಂತಿತು. ಮೋಟಾರು ಸುಮ್ಮನಾಯಿತು. ಇಡೀ ಸಭಾಂಗಣ ತಿರುಗಿತು, ಇರುವೆಯ ಕಡೆಗಲ್ಲ, ಅಜ್ಜಿಯ ಕಡೆಗೆ, ನೂರು ತಲೆ ಒಟ್ಟಿಗೆ, ನನ್ನದೂ, ಅಜ್ಜಿಯ ಎರಡೂ ಅಂಗೈ ಬಾಯಿಯ ಮೇಲೇ ಇವೆ, ಬೆರಳು ಬಿಳಿಚಿಕೊಳ್ಳುವಷ್ಟು ಒತ್ತಿ ಹಿಡಿದಿದ್ದಾಳೆ, ಕಣ್ಣರಳಿಸಿ ತಲೆಯಾಡಿಸುತ್ತಿದ್ದಾಳೆ, ನಾನಲ್ಲ, ನಾನಲ್ಲ, ಅವಳ ಪಕ್ಕದವರೂ ತಲೆಯಾಡಿಸುತ್ತಿದ್ದಾರೆ, ಅಷ್ಟೂ ಬಾಯಿ ಮುಚ್ಚಿವೆ, ಮದಾಮ್ ಕರ್ಮಿಶ್ ನಿಧಾನವಾಗಿ ಈ ಕಡೆ ತಿರುಗಿದರು, ಅವರ ಎರಡು ಬೆರಳ ನಡುವೆ ಕೂದಲಿನಂಥ ಎಳೆ, ತುದಿ ಮುರಿದು ಬಾಗಿದೆ, ಅವರೂ ಮೇಲೆ ನೋಡುತ್ತಿದ್ದಾರೆ, ಮೇಲೆ, ಎತ್ತಿದ ಕೈ, ಎತ್ತಿದ ಕೈ, ತುದಿಯಲ್ಲಿ ಕೆಂಪು ಹನಿ.